ಅಹಿಂಸೆ ಅಂದರೆ ಸುಮ್ನೆ ಇರೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರು, ಚಿಂತಾಮಣಿ, ಮಾಲೂರು, ಕೋಲಾರ ಕಡೆಯ ಕಾಲೇಜು ಹುಡುಗ ಹುಡುಗಿಯರ ಜೊತೆ ನಾವು ಕೆಲವರು ಭಾನುವಾರ ಕೂತು ಓದುತ್ತೇವೆ, ಮಾತಾಡುತ್ತೇವೆ. ವಿಷಯ ಒಂದೇ. ಹೊಡೆದಾಟ ಇಲ್ಲದೆ ಸಮಾಜ ಬದಲಾಗುತ್ತಾ, ಆಗುವುದಾದರೆ ಹೇಗೆ? ಹೊಸಬರು ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇವೆ.

ಅಹಿಂಸೆ ಅಂದರೆ ಹೊಡೆಸಿಕೊಂಡು ಸುಮ್ನೆ ಇರೋದಾ?

ಖಂಡಿತ ಅಲ್ಲ. ಸುಮ್ನೆ ಇರುವವರಿಂದ ಅನ್ಯಾಯ ಮಾಡುವವನಿಗೆ ಏನೂ ತೊಂದರೆ ಇಲ್ಲ. ಅವನಿಗೆ ಬೇಕಾಗಿರುವುದೂ ಅದೇ. ಅಹಿಂಸೆಯ ಹೋರಾಟದಲ್ಲಿ ‘ಇದಕ್ಕೆ ನಾನು ಕೈಜೋಡಿಸಲ್ಲ’ ಎಂದು ಎದುರಿಗೇ ಹೇಳಬೇಕು, ಹೇಳಿದಂತೆ ನಡೆಯಬೇಕು, ಅದರಿಂದ ಬರುವ ಕಷ್ಟ ತಾನೇ ಹೊರಬೇಕು. ಎದುರಿನವನ ಮೈಮೇಲೆ ಕೈ ಮಾಡಬಾರದು, ಅಷ್ಟೇ.

ಕಂದಾಯ ಕಟ್ಟದಿರುವುದು, ಕೆಲಸಕ್ಕೆ ಹೋಗದಿರುವುದು, ಒಂದು ಸಾಮಾನು ಕೊಳ್ಳದಿರುವುದು, ಕೂರಬಾರದು ಎಂದ ಜಾಗದಲ್ಲಿ ಕೂರುವುದು, ಮುಟ್ಟಬಾರದು ಎಂದ ಕೆರೆಯ ನೀರು ಕುಡಿಯುವುದು ಎಲ್ಲ ಇದರಲ್ಲಿ ಬರುತ್ತದೆ. ಅಮೆರಿಕದ ಜೀನ್ ಶಾರ್ಪ್ 1973ರಲ್ಲಿ ಇಂಥ 198 ದಾರಿಗಳ ಪಟ್ಟಿ ಮಾಡಿದರು. ನಮ್ಮಲ್ಲಿ ಹೋರಾಟ ಎಂದ ತಕ್ಷಣ ನೆನಪಾಗುವುದು ಡಿಸಿ ಆಫೀಸಿನ ಮುಂದಿನ ಶಾಮಿಯಾನ, ಕೈಯಲ್ಲೊಂದು ಮನವಿ ಪತ್ರ. ಅದು ಆ ಪಟ್ಟಿಯಲ್ಲಿ ಒಂದೋ ಎರಡೋ ಸಾಲು. ಉಳಿದವನ್ನು ನಾವು ಮರೆತೇಬಿಟ್ಟಿದ್ದೇವೆ. ಇದು ನನಗೆ ತುಂಬಾ ಬೇಸರ ತರುವ ವಿಷಯ.

ನಮ್ಮ ಕಡೆ ಇಂಥದ್ದು ಏನಾದರೂ ನಡೆದಿದೆಯಾ? ದಂಡಿ, ಚಂಪಾರಣ್ ಎಲ್ಲ ದೂರದ ಮಾತಾಯಿತು.

ನಡೆದಿದೆ. ಗೌರಿಬಿದನೂರಿನ ಪಕ್ಕದಲ್ಲೇ, ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು.

ಆಗ ನಮ್ಮದು ಮೈಸೂರು ಸಂಸ್ಥಾನ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಅಲ್ಲಿಯವರೆಗೆ ಎಲ್ಲ ಕೋಲಾರ ಜಿಲ್ಲೆಯೇ. ಮೈಸೂರು ಕಾಂಗ್ರೆಸ್ಸಿನವರು ಎರಡು ವಿಷಯ ಕೇಳುತ್ತಿದ್ದರು: ಜನರಿಗೆ ಜವಾಬ್ದಾರಿ ಇರುವ ಸರ್ಕಾರ ಬೇಕು, ತ್ರಿವರ್ಣ ಧ್ವಜ ಹಾರಿಸಲು ಬಿಡಬೇಕು. ಸರ್ಕಾರ ಬಿಡಲಿಲ್ಲ. ಅದೇ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯ ಅವರ ಮುಂದಾಳತ್ವದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದ್ದರು. ಆ ಕಿಚ್ಚು ಇಲ್ಲಿಗೂ ಬಂತು.

ವಿದುರಾಶ್ವತ್ಥ ಮೊದಲಿನಿಂದಲೂ ಜನ ಸೇರುವ ಜಾಗ. ಹರಕೆ ಹೊತ್ತವರು ತಂದು ನಿಲ್ಲಿಸಿದ ನಾಗರಕಲ್ಲುಗಳ ಸಾಲು ಸಾಲೇ ಅಲ್ಲಿದೆ. ಆ ದಿನ ಸುತ್ತಲಿನ ಹಳ್ಳಿಗಳಿಂದ ಭಾರೀ ಜನ ಬಂದರು. ಹೊಲ ಉಳುವವರು, ಮನೆಯಲ್ಲಿ ತೆಲುಗು ಮಾತಾಡುವವರು, ಕನ್ನಡ ಮಾತಾಡುವವರು. ಸಭೆಗೆ ನಿಷೇಧ ಇತ್ತು. ಆದರೂ ಬಂದರು. ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ವಿದುರಾಶ್ವತ್ಥಕ್ಕೆ ಬಂದಿದ್ದು ಹಾಗೆ.

ನಮ್ಮ ಕೂಟಕ್ಕೆ ಬರುವ ಮಕ್ಕಳಲ್ಲಿ ಎಷ್ಟೋ ಜನ ಅಲ್ಲಿಗೆ ನಾಗರ ಪೂಜೆಗೆ ಹೋಗಿ ಬಂದಿರುತ್ತಾರೆ, ಪಕ್ಕದ ಸ್ಮಾರಕ ನೋಡಿರುವುದಿಲ್ಲ. ಮಕ್ಕಳದ್ದು ತಪ್ಪಿಲ್ಲ. ಕೈ ಹಿಡಿದು ಅತ್ತ ಕರೆದುಕೊಂಡು ಹೋಗುವವರು ಬೇಕಿತ್ತು.

ಅಷ್ಟು ಜನ ಸತ್ತರಲ್ಲ, ಅದರಿಂದ ಸಿಕ್ಕಿದ್ದೇನು?

ಈ ಪ್ರಶ್ನೆ ಕೇಳಲೇಬೇಕು. ಸಾವನ್ನು ಬರೀ ಹಾಡಿ ಹೊಗಳಿ ಮುಗಿಸಿದರೆ ಸತ್ತವರಿಗೆ ಅನ್ಯಾಯ ಮಾಡಿದಂತೆ.

ಗುಂಡೇಟಿನ ಸುದ್ದಿ ದೇಶದಲ್ಲೆಲ್ಲ ಹರಡಿತು. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆದು ಒಪ್ಪಂದ ಆಯಿತು. ಸಂಸ್ಥಾನದ ಬಾವುಟದ ಜೊತೆಗೆ ತ್ರಿವರ್ಣ ಧ್ವಜವನ್ನೂ ಹಾರಿಸಬಹುದು ಎಂದು ಸರ್ಕಾರ ಒಪ್ಪಿತು. ಏಪ್ರಿಲ್‌ನಲ್ಲಿ ಯಾವುದಕ್ಕೆ ಗುಂಡು ಹಾರಿತ್ತೋ ಅದಕ್ಕೇ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ದೊಡ್ಡ ಬೇಡಿಕೆ, ಜವಾಬ್ದಾರಿ ಸರ್ಕಾರ, ಆಗ ಸಿಗಲಿಲ್ಲ. ಅದಕ್ಕೆ ಇನ್ನೂ ಒಂಬತ್ತು ವರ್ಷ ಬೇಕಾಯಿತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನದಲ್ಲಿ ಜನರ ಸರ್ಕಾರ ಬರಲಿಲ್ಲ ಎಂದು ‘ಮೈಸೂರು ಚಲೋ’ ಮಾಡಬೇಕಾಯಿತು. ಅದರ ಮುಂಚೂಣಿಯಲ್ಲಿದ್ದವರು ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಅಕ್ಟೋಬರ್‌ನಲ್ಲಿ ಅವರೇ ಮೊದಲ ಮುಖ್ಯಮಂತ್ರಿ ಆದರು.

ಒಂದು ಧರಣಿ ಕೂತು, ಪೇಪರ್‌ನಲ್ಲಿ ಫೋಟೊ ಬಂದು, ಮರುವಾರ ಏನೂ ಆಗಲಿಲ್ಲ ಎಂದು ಕೈಚೆಲ್ಲುವ ಹುಡುಗರಿಗೆ ನಾನು ಈ ಒಂಬತ್ತು ವರ್ಷದ ಲೆಕ್ಕ ಹೇಳುತ್ತೇನೆ.

ಗಾಂಧೀಜಿ ನಮ್ಮ ಕಡೆ ಬಂದಿದ್ದರಾ?

ಬಂದಿದ್ದರು. 1927ರಲ್ಲಿ ಮೈ ಹುಷಾರಿಲ್ಲದೆ ನಂದಿಬೆಟ್ಟದ ಮೇಲೆ ವಾರಗಟ್ಟಲೆ ಇದ್ದು ಸುಧಾರಿಸಿಕೊಂಡರು. 1936ರಲ್ಲಿ ಮತ್ತೆ ಬಂದರು, ಆಗ ಪಟೇಲರೂ ಜೊತೆಗಿದ್ದರು.

ಕೆಜಿಎಫ್ ಕಾರ್ಮಿಕರ ಮುಷ್ಕರಗಳನ್ನೂ ಇದರಲ್ಲಿ ಸೇರಿಸಬಹುದಾ?

ಸೇರಿಸಲೇಬೇಕು. ಕೆಲಸ ನಿಲ್ಲಿಸುವುದು ಅಹಿಂಸೆಯ ಬಹಳ ಹಳೆಯ, ಬಹಳ ಗಟ್ಟಿ ಆಯುಧ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಕೂತರು. ‘ನಾವೇನು ಕಳ್ಳರಾ?’ ಎಂಬ ಅವಮಾನ ಅದರ ಹಿಂದಿತ್ತು. ಗಾಂಧೀಜಿಯ ಸತ್ಯಾಗ್ರಹ 1906ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ್ದೂ ಇಂಥದ್ದೇ ಕಾರಣಕ್ಕೆ. ಅಲ್ಲಿನ ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಎಂಬ ಕಾನೂನು ತರಲು ಹೊರಟಿದ್ದರು. ಅದೂ ಚಿನ್ನದ ಗಣಿಗಳ ಊರು, ಜೋಹಾನ್ಸ್‌ಬರ್ಗ್. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದಾಗ ರಾಬರ್ಟ್‌ಸನ್‌ಪೇಟೆ ಕಡೆಯಿಂದ ಬಂದ ಮಕ್ಕಳ ಮುಖ ನೋಡಬೇಕು. ಅಜ್ಜನ ಕಾಲದ ಮುಷ್ಕರದ ಮಾತು ಮನೆಯಲ್ಲಿ ಕೇಳಿರುತ್ತಾರೆ. ಅದು ಇಷ್ಟು ದೊಡ್ಡ ಕಥೆಯ ಭಾಗ ಎಂದು ಯಾರೂ ಹೇಳಿರುವುದಿಲ್ಲ.

ಅಹಿಂಸೆ ಗೆಲ್ಲುತ್ತೆ ಅನ್ನೋದಕ್ಕೆ ಪುರಾವೆ ಇದೆಯಾ, ಅಥವಾ ನಂಬಿಕೆ ಮಾತ್ರವಾ?

ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಇಬ್ಬರು ಸಂಶೋಧಕರು 1900ರಿಂದ 2006ರವರೆಗೆ ಜಗತ್ತಿನಲ್ಲಿ ನಡೆದ 323 ದೊಡ್ಡ ಹೋರಾಟಗಳನ್ನು ಲೆಕ್ಕ ಹಾಕಿದರು. ಅಹಿಂಸೆಯ ಹೋರಾಟಗಳಲ್ಲಿ ನೂರಕ್ಕೆ 53 ಗೆದ್ದಿದ್ದವು, ಹಿಂಸೆಯ ಹೋರಾಟಗಳಲ್ಲಿ ನೂರಕ್ಕೆ 26. ಕಾರಣವನ್ನೂ ಅವರು ಹೇಳುತ್ತಾರೆ. ಬಂದೂಕು ಹಿಡಿಯಲು ಬರುವವರು ಕೆಲವೇ ಹುಡುಗರು. ಕೆಲಸ ನಿಲ್ಲಿಸಲು, ಬೀದಿಗೆ ಬರಲು ಅಜ್ಜಿಯಿಂದ ಹಿಡಿದು ಎಲ್ಲರೂ ಬರಬಹುದು. ಜನ ಜಾಸ್ತಿ ಆದಷ್ಟೂ ಎದುರಿನವರ ಕಡೆಯಿಂದ ಪೊಲೀಸರು, ನೌಕರರು, ವ್ಯಾಪಾರಿಗಳು ಒಬ್ಬೊಬ್ಬರೇ ಈಚೆ ವಾಲುತ್ತಾರೆ.

ಈ ಅಂಕಿಯನ್ನು ಹಿಡಿದುಕೊಂಡು ಕುಣಿಯಬೇಡಿ. ಇದು ಸರ್ಕಾರ ಬದಲಿಸುವ, ಸ್ವಾತಂತ್ರ್ಯ ಪಡೆಯುವಂಥ ದೊಡ್ಡ ಹೋರಾಟಗಳ ಲೆಕ್ಕ, ನಮ್ಮೂರಿನ ಸ್ಮಶಾನದ ಜಾಗದ ಜಗಳಕ್ಕೆ ನೇರ ಅನ್ವಯಿಸಲ್ಲ. ಅದರಲ್ಲೂ ಅಹಿಂಸೆಯ ಹೋರಾಟಗಳಲ್ಲಿ ಅರ್ಧದ ಹತ್ತಿರ ಪೂರ್ತಿ ಗೆಲುವು ಕಂಡಿಲ್ಲ.

ದಲಿತರಿಗೆ ಅಹಿಂಸೆ ಬೋಧಿಸುವುದು ಎಷ್ಟು ಸರಿ? ಹೊಡೆಯುವವರಿಗೆ ಅಲ್ವಾ ಹೇಳಬೇಕಾಗಿರುವುದು?

ಹೌದು, ಮೊದಲು ಹೊಡೆಯುವವರಿಗೇ ಹೇಳಬೇಕು. ಈ ಪ್ರಶ್ನೆ ಕೇಳಿದವರಿಗೆ ನಾವು ಯಾವತ್ತೂ ‘ತಾಳ್ಮೆ ಇರಲಿ’ ಎಂದು ಉತ್ತರ ಕೊಡುವುದಿಲ್ಲ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. ಕೇಸು ನಡೆಯಿತು, ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಬಿಡುಗಡೆ ಆದರು. 2014ರಲ್ಲಿ ಹೈಕೋರ್ಟ್ ಕೂಡ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಇದು ನಮ್ಮ ನೆಲದಲ್ಲಿ ಆಗಿರುವುದು. ಇದನ್ನು ಪಕ್ಕಕ್ಕಿಟ್ಟು ಅಹಿಂಸೆ ಕಲಿಸಲು ಹೊರಟರೆ ಆ ಪಾಠಕ್ಕೆ ಬೆಲೆ ಇಲ್ಲ. ಬಾವಿ ಮುಟ್ಟಬೇಡ, ಹೋಟೆಲಿನಲ್ಲಿ ಬೇರೆ ಲೋಟ ತಗೋ, ದೇವರ ಮೆರವಣಿಗೆ ನಿನ್ನ ಬೀದಿಗೆ ಬರಲ್ಲ, ಇವೂ ಹಿಂಸೆಯೇ. ರಕ್ತ ಬರಲಿಲ್ಲ ಎಂದ ಮಾತ್ರಕ್ಕೆ ಊರು ಶಾಂತವಾಗಿದೆ ಎಂದು ಬರೆದುಕೊಳ್ಳಬಾರದು.

ಹಾಗಾದರೆ ತುಳಿತಕ್ಕೆ ಒಳಗಾದವರು ಯಾಕೆ ಅಹಿಂಸೆಯ ದಾರಿ ಹಿಡಿಯಬೇಕು? ಇದಕ್ಕೆ ನಾವು ಗಾಂಧಿಗಿಂತ ಮೊದಲು ಅಂಬೇಡ್ಕರ್ ಅವರನ್ನು ಓದಿಸುತ್ತೇವೆ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಅವರು ಸಾವಿರಾರು ಜನರೊಂದಿಗೆ ನಡೆದು ಹೋಗಿ, ದಲಿತರು ಮುಟ್ಟಬಾರದು ಎಂದಿದ್ದ ಚವದಾರ್ ಕೆರೆಯ ನೀರು ಕುಡಿದರು. ಬೊಗಸೆ ನೀರು, ಅಷ್ಟೇ. ಊಟ ಮುಗಿಸಿ ಊರಿಗೆ ಹೊರಟವರ ಮೇಲೆ ಸವರ್ಣೀಯರು ಬಿದ್ದು ಹೊಡೆದರು. ಅಂಬೇಡ್ಕರ್ ಜೊತೆಗಿದ್ದವರಲ್ಲಿ ಸೈನ್ಯದಲ್ಲಿ ಕೆಲಸ ಮಾಡಿದವರೂ ಇದ್ದರು. ತಿರುಗಿ ಹೊಡೆಯಲು ಅವರಿಗೆ ಬರುತ್ತಿರಲಿಲ್ಲ ಎಂದೇನಿಲ್ಲ. ಅಂಬೇಡ್ಕರ್ ತಡೆದರು. ಆಮೇಲೆ ಕೋರ್ಟಿನಲ್ಲಿ ಹೋರಾಡಿದರು. 1937ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಅವರ ಕಡೆ ಬಂತು.

ಅವರು ಸತ್ಯಾಗ್ರಹವನ್ನು ಎಲ್ಲ ಕಾಲಕ್ಕೂ ಒಪ್ಪಿದವರಲ್ಲ ಎಂಬುದನ್ನೂ ಹೇಳಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹವನ್ನೂ ಅಸಹಕಾರವನ್ನೂ ಬಿಡಬೇಕು ಎಂದರು. ಕೂಟದಲ್ಲಿ ಈ ಮಾತಿನ ಮೇಲೆ ಜೋರು ಚರ್ಚೆ ಆಗುತ್ತದೆ. ಸಂವಿಧಾನದ ದಾರಿ ಕಾಗದದ ಮೇಲೆ ತೆರೆದಿದ್ದು ಊರಿನಲ್ಲಿ ಮುಚ್ಚಿದ್ದರೆ? ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟು ಕಚೇರಿ ಒಂದು ಕಾಲು, ಬೀದಿ ಇನ್ನೊಂದು ಕಾಲು. ಒಂದೇ ಕಾಲಲ್ಲಿ ನಡೆಯಲು ಆಗಲ್ಲ.

2022ರಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಮೆರವಣಿಗೆಯ ಗುಜ್ಜುಕೋಲು ಮುಟ್ಟಿದ ಎಂದು ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಆ ತಾಯಿ ದುಡ್ಡು ಕಟ್ಟಲಿಲ್ಲ. ಮನೆಯ ದೇವರ ಫೋಟೊಗಳನ್ನು ತೆಗೆದು ಅಂಬೇಡ್ಕರ್ ಫೋಟೊ ಇಟ್ಟರು. ಪೊಲೀಸ್ ಕೇಸು ಆಯಿತು, ಅಧಿಕಾರಿಗಳು ಬಂದು ಮನೆಯವರನ್ನು ದೇವಸ್ಥಾನದೊಳಗೆ ಕರೆದುಕೊಂಡು ಹೋದರು. ನಮ್ಮ ಕಾಲದಲ್ಲಿ, ನಮ್ಮ ಜಿಲ್ಲೆಯಲ್ಲಿ ಅಹಿಂಸೆಯ ಹೋರಾಟ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ತಾಯಿಯನ್ನೇ ತೋರಿಸುತ್ತೇನೆ.

ಯಾರಾದರೂ ಮೈಮೇಲೆ ಬಿದ್ದಾಗ ತಪ್ಪಿಸಿಕೊಳ್ಳಲು ತಿರುಗಿ ಹೊಡೆದರೆ ತಪ್ಪಾ?

ಪ್ರಾಣ ಉಳಿಸಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ಗಾಂಧೀಜಿ ಕೂಡ 1920ರಲ್ಲಿ ಸ್ಪಷ್ಟವಾಗಿ ಬರೆದರು: ಹೇಡಿತನ, ಹಿಂಸೆ ಇವೆರಡೇ ಮುಂದಿದ್ದರೆ ನಾನು ಹಿಂಸೆಯನ್ನೇ ಸಲಹೆ ಮಾಡುತ್ತೇನೆ ಎಂದು. ಹೆದರಿ ಓಡಿ ಹೋಗಿ ಅದನ್ನು ಅಹಿಂಸೆ ಎಂದು ಕರೆಯುವುದು ಅವರಿಗೆ ಸಹಿಸದ ವಿಷಯ.

ಬಸ್‌ಗೆ ಕಲ್ಲು ಹೊಡೆದರೇನೆ ಸರ್ಕಾರ ಕಿವಿ ಕೊಡೋದು, ಅಲ್ವಾ?

ಕಿವಿ ಕೊಡಬಹುದು, ಒಂದು ದಿನದ ಮಟ್ಟಿಗೆ. ಮರುದಿನ ಪೇಪರ್‌ನಲ್ಲಿ ಬರುವುದು ಒಡೆದ ಗಾಜು. ನಿಮ್ಮ ಬೇಡಿಕೆ ಒಳಪುಟಕ್ಕೆ ಹೋಗುತ್ತದೆ. ಆ ಬಸ್ಸಿನಲ್ಲಿದ್ದವರು ಮುಂದಿನ ಧರಣಿಗೆ ಬರಲ್ಲ. ಕಲ್ಲು ಹೊಡೆದ ಹತ್ತೊಂಬತ್ತರ ಹುಡುಗನ ಮೇಲೆ ಎಫ್‌ಐಆರ್ ಆಗಿ, ಪೊಲೀಸ್ ವೆರಿಫಿಕೇಷನ್ ಹೊತ್ತಿಗೆ ಕೆಲಸಕ್ಕೆ ಕಲ್ಲು ಬೀಳುತ್ತದೆ. ಅವನನ್ನು ಹುರಿದುಂಬಿಸಿದ ಮುಖಂಡರು ಆಗ ಫೋನ್ ಎತ್ತಲ್ಲ.

ನೀರಿಗಾಗಿ ಇಷ್ಟು ವರ್ಷ ಶಾಂತವಾಗಿ ಹೋರಾಡಿ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಸಿಕ್ಕಿದ್ದು ಬೆಂಗಳೂರಿನ ಕೊಳಚೆ ನೀರು. ಇದು ಸೋಲಲ್ವಾ?

ಅರ್ಧ ಸಿಕ್ಕಿದೆ, ಅರ್ಧ ಬಾಕಿ ಇದೆ. ನೀರಾವರಿ ತಜ್ಞ ಪರಮಶಿವಯ್ಯ ಅವರ ವರದಿ ಜಾರಿ ಮಾಡಿ, ನದಿ ನೀರು ಕೊಡಿ ಎಂದು ನಮ್ಮ ಜನ ಕೇಳಿದರು. ಧರಣಿ, ಬಂದ್, ಪಾದಯಾತ್ರೆ ಎಲ್ಲ ಆಯಿತು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೇ ಹೊರಟರು, ಲಾಠಿ ಏಟೂ ತಿಂದರು. ನದಿ ನೀರಿಗಿಂತ ಮೊದಲು ಬಂದಿದ್ದು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಯೋಜನೆಯಲ್ಲಿರುವುದು ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಎನ್ನುವ ರೈತರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಶಾಶ್ವತ ನೀರಾವರಿ ಹೋರಾಟಗಾರರು ಕೋರ್ಟಿಗೂ ಹೋದರು, ಇಂದಿಗೂ ಕೇಳುತ್ತಿದ್ದಾರೆ. ಹೊಳೆ ನೀರು ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದ್ದು 2014ರಲ್ಲಿ.

ನಾನು ಇದನ್ನು ಸೋಲು ಅನ್ನಲ್ಲ. ಆದರೆ ಒಂದು ಪಾಠ ಇದೆ. ನಮ್ಮ ಹೋರಾಟ ಬಹುಪಾಲು ಬೇಡುವುದರಲ್ಲೇ ಕಳೆಯಿತು. ನಾವು ಏನನ್ನು ಕೊಡಲ್ಲ ಎಂದು ಗಟ್ಟಿಯಾಗಿ ಹೇಳಿದೆವು? ಬೆಂಗಳೂರಿಗೆ ಟೊಮೆಟೊ, ಹಾಲು, ಸೊಪ್ಪು ಹೋಗುವುದು ನಮ್ಮಿಂದಲೇ. ಅದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ನಿಲ್ಲಿಸಿದರೆ ಮೊದಲು ಸಾಯುವುದು ಸಣ್ಣ ರೈತ. ಆದರೆ ನಮ್ಮ ಕೈಯಲ್ಲಿ ಏನಿದೆ ಎಂದು ಕೂತು ಲೆಕ್ಕ ಹಾಕದೆ ಹೋರಾಟಕ್ಕೆ ಇಳಿಯಬಾರದು.

ಉಪವಾಸ ಕೂರಬಹುದಾ?

ನಾವು ಯಾರಿಗೂ ಸಲಹೆ ಮಾಡಲ್ಲ. ನಿಮ್ಮ ಮೇಲೆ ಒಂದಿಷ್ಟಾದರೂ ಪ್ರೀತಿ ಇರುವವರ ಎದುರು ಮಾತ್ರ ಉಪವಾಸಕ್ಕೆ ಅರ್ಥ. ಅದಕ್ಕೆ ಶಿಸ್ತು ಬೇಕು, ಡಾಕ್ಟರ್ ಬೇಕು. ಸಕ್ಕರೆ ಕಾಯಿಲೆ ಇರುವವರಂತೂ ಕೂರಲೇಬೇಡಿ.

ಇದನ್ನು ಕಲಿಯುವುದು ಅಂದರೆ ಏನು? ಪುಸ್ತಕ ಓದುವುದಾ?

ಓದುವುದು ಇದೆ, ಅಭ್ಯಾಸವೂ ಇದೆ. ಜೇಮ್ಸ್ ಲಾಸನ್ ಎಂಬ ಅಮೆರಿಕದ ಪಾದ್ರಿ 1950ರ ದಶಕದಲ್ಲಿ ನಾಗಪುರದ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧಿಯ ದಾರಿ ಕಲಿತರು. ಊರಿಗೆ ಹೋಗಿ ನ್ಯಾಶ್‌ವಿಲ್‌ನ ಕರಿಯ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. 1960ರಲ್ಲಿ ಆ ಹುಡುಗರು ಬಿಳಿಯರಿಗೆ ಮೀಸಲಾದ ಹೋಟೆಲ್ ಕೌಂಟರ್‌ಗಳಲ್ಲಿ ಹೋಗಿ ಕೂತರು. ಮೇಲೆ ಉಗುಳಿದರು, ಸಿಗರೇಟಿನಿಂದ ಸುಟ್ಟರು, ಅವರು ಕದಲಲಿಲ್ಲ. ಏಕೆಂದರೆ ಅದನ್ನೆಲ್ಲ ಚರ್ಚಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು.

ನಾವೂ ಅದರ ಸಣ್ಣ ರೂಪ ಮಾಡುತ್ತೇವೆ. ಎರಡು ಸಾಲು ಕುರ್ಚಿ. ಒಂದು ಸಾಲಿನವರು ಕೂರುತ್ತಾರೆ, ಇನ್ನೊಂದು ಸಾಲಿನವರು ಹಿಂದೆ ನಿಂತು ಕಿವಿಯ ಹತ್ತಿರ ಕೂಗುತ್ತಾರೆ, ಕುರ್ಚಿ ಅಲ್ಲಾಡಿಸುತ್ತಾರೆ, ಬ್ಯಾಗ್ ಕಿತ್ತು ಬಿಸಾಡುತ್ತಾರೆ. ಜಾತಿ ಹೆಸರು ಹಿಡಿದು ಬೈಯುವುದಕ್ಕೆ ಬಿಡಲ್ಲ. ಆಟದಲ್ಲೂ ಅದು ನಿಜವಾದ ಗಾಯ. ಕೂತವರು ಒಂದೇ ವಾಕ್ಯ ಹೇಳಬಹುದು, ‘ನಮ್ಮ ಅರ್ಜಿಗೆ ಉತ್ತರ ಬರುವವರೆಗೆ ಏಳಲ್ಲ.’ ಮುಷ್ಟಿ ತಾನಾಗೇ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಎರಡು ನಿಮಿಷಕ್ಕೆ ಅರ್ಧ ಜನ ಎದ್ದುಬಿಡುತ್ತಾರೆ. ಹಸ್ತವನ್ನು ಬಿಚ್ಚಿ ತೊಡೆಯ ಮೇಲೆ ಇಡಿ ಎಂದು ಹೇಳಿಕೊಟ್ಟರೆ ಜಾಸ್ತಿ ಹೊತ್ತು ಕೂರುತ್ತಾರೆ. ಆಮೇಲೆ ಸಾಲು ಬದಲಾಯಿಸುತ್ತೇವೆ. ಕೂಗಿದವರಿಗೆ ತಮ್ಮೊಳಗೆ ಎಷ್ಟು ಬೇಗ ಉತ್ಸಾಹ ಬಂತು ಎಂಬುದೇ ಹೆದರಿಕೆ ಹುಟ್ಟಿಸುತ್ತದೆ. ಆ ಚರ್ಚೆಯೇ ದಿನದ ಒಳ್ಳೆಯ ಭಾಗ.

ಉಳಿದ ತಯಾರಿ ಅಡುಗೆ, ದುಡ್ಡು, ಓಡಾಟದ್ದು. ಅಮೆರಿಕದ ಮಾಂಟ್ಗೊಮೆರಿ ಊರಿನ ಕರಿಯರು ಬಸ್ಸಿನಲ್ಲಿ ಮಾಡುತ್ತಿದ್ದ ಬಣ್ಣದ ಭೇದದ ವಿರುದ್ಧ 1955–56ರಲ್ಲಿ 381 ದಿನ ಬಸ್ ಹತ್ತಲಿಲ್ಲ. ಅಷ್ಟು ದಿನ ಕೆಲಸಕ್ಕೆ ಹೋಗಿದ್ದು ಹೇಗೆ? ಕಾರು ಇದ್ದವರು ಪಾಳಿ ಹಾಕಿಕೊಂಡು ಕರೆದೊಯ್ದರು, ಉಳಿದವರು ನಡೆದರು. ನಿಮ್ಮ ಹೋರಾಟ ಎರಡು ವಾರ ನಡೆದರೆ ಕೂಲಿ ಬಿಟ್ಟು ಬಂದವರ ಮನೆಗೆ ಅಕ್ಕಿ ಯಾರು ಕೊಡುತ್ತೀರಿ? ಈ ಪ್ರಶ್ನೆಗೆ ಉತ್ತರ ಸಿದ್ಧ ಇಲ್ಲದಿದ್ದರೆ ಇನ್ನೂ ಶುರು ಮಾಡಬೇಡಿ.

ನಮ್ಮ ಗುಂಪಿನಲ್ಲೇ ಒಬ್ಬ ಕಲ್ಲೆತ್ತಿದರೆ?

ಅಲ್ಲೇ ನಿಲ್ಲಿಸಿ, ಎಲ್ಲರೂ ಕೂತುಬಿಡಿ. ಜನ ಕೂತರೆ ಕಲ್ಲೆತ್ತಿದವನು ಒಂಟಿಯಾಗಿ ಕಾಣುತ್ತಾನೆ. ಮೊದಲೇ ಹತ್ತು ಜನರಿಗೆ ಒಬ್ಬ ಸ್ವಯಂಸೇವಕ ಇರಲಿ, ಕೈಗೆ ಬಟ್ಟೆ ಕಟ್ಟಿರಲಿ. 1922ರಲ್ಲಿ ಚೌರಿಚೌರಾದಲ್ಲಿ ಗುಂಪು ಠಾಣೆಗೆ ಬೆಂಕಿ ಹಚ್ಚಿ 22 ಪೊಲೀಸರು ಸತ್ತಾಗ ಗಾಂಧೀಜಿ ಇಡೀ ದೇಶದ ಚಳವಳಿಯನ್ನೇ ನಿಲ್ಲಿಸಿದರು. ಅದು ಸರಿಯೋ ತಪ್ಪೋ ಎಂದು ಇವತ್ತಿಗೂ ವಾದ ಇದೆ.

ಪೊಲೀಸ್ ಪರ್ಮಿಷನ್ ಬೇಕಾ? ಹಿಡಿದುಕೊಂಡು ಹೋದರೆ?

ಆಯುಧ ಇಲ್ಲದೆ ಶಾಂತವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅದರ ಮೇಲೆ ತಕ್ಕಮಟ್ಟಿನ ನಿರ್ಬಂಧ ಹಾಕಬಹುದು. ಹಳೆಯ 144 ಸೆಕ್ಷನ್ 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ 163 ಆಗಿದೆ. ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಒಬ್ಬ ವಕೀಲರ ನಂಬರ್ ಕೈಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ, ಫೋನ್ ನಿಮ್ಮ ಹತ್ತಿರ ಇರುವುದಿಲ್ಲ.

ಬೀದಿಗೆ ಇಳಿಯಲು ನನ್ನಿಂದಾಗಲ್ಲ. ಬೇರೆ ಏನು ಮಾಡಬಹುದು?

ತುಂಬಾ ಇದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ ದಶಕಗಳ ಕಾಲ ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟರು. ಹಳ್ಳಿಯಲ್ಲಿ ಒಟ್ಟಿಗೆ ಕೂರದ ಮನೆಗಳ ಮಕ್ಕಳು ಅಲ್ಲಿ ಒಟ್ಟಿಗೆ ಉಂಡು ಬೆಳೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ 1942ರಲ್ಲಿ ಜೈಲಿಗೆ ಹೋದರು. ಆಮೇಲೆ ಬದುಕಿಡೀ ಖಾದಿ ತೊಟ್ಟು ಮೇಷ್ಟರ ಕೆಲಸ ಮಾಡಿದರು, ಮೂಢನಂಬಿಕೆಯ ವಿರುದ್ಧ ಮಾತಾಡಿದರು. ನಿಮ್ಮ ಮನೆಯಲ್ಲಿ ಕೆಲಸದವರಿಗೆ ಬೇರೆ ಲೋಟ ಇದ್ದರೆ ಇವತ್ತೇ ತೆಗೆಯಿರಿ. ಅದಕ್ಕೆ ಯಾರ ಪರ್ಮಿಷನ್ನೂ ಬೇಡ. ಮನೆಯ ಹಿರಿಯರು ಸಿಟ್ಟಾಗುತ್ತಾರೆ, ಅಲ್ಲಿಂದಲೇ ನಿಮ್ಮ ಅಭ್ಯಾಸ ಶುರು.

ವಿದುರಾಶ್ವತ್ಥಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಹೇಗೆ?

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಆರೇಳು ಕಿಲೋಮೀಟರ್. ವಿದುರಾಶ್ವತ್ಥ ಹೆಸರಿನ ರೈಲ್ವೆ ಸ್ಟೇಷನ್ ಕೂಡ ಇದೆ, ಆದರೆ ಅಲ್ಲಿ ನಿಲ್ಲುವ ರೈಲು ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಹುತಾತ್ಮರ ಸ್ಮಾರಕ, ಅದರ ಜೊತೆಗೆ ವೀರಸೌಧ ಇದೆ. ಅಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ, ಸತ್ತವರ ಹೆಸರುಗಳನ್ನು ಅವರೇ ಬರೆದುಕೊಳ್ಳಲಿ. ಬಿಸಿಲು ಜೋರಿರುವ ಊರು, ಏಪ್ರಿಲ್‌ನಲ್ಲಿ ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಇಟ್ಟುಕೊಳ್ಳಿ.